ಅನ್ನದ ಮೇಲಿನ ಆಣೆ

ಚೆನ್ನು ಆಣೆ ಹಾಕಿದ್ದು ಒಂದು ಶುಕ್ರವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಮೂಗಿನ ತುದಿಯ ಸಿಟ್ಟಿನಲ್ಲಿ. ಸಿಟ್ಟು ಇಳಿಯುವಷ್ಟರಲ್ಲಿ ಆಣೆ ಬಿದ್ದಾಗಿತ್ತು. ಬಿದ್ದ ಆಣೆಯನ್ನು ಇಪ್ಪತ್ತು ಚಿಲ್ಲರೆ ಗಂಡಸರು ಕಿವಿಯಾರೆ ಕೇಳಿಯೂ ಆಗಿತ್ತು.

ಕೊಲ್ಲಿ ದೇಶದ ಅಲ್ ವಕ್ರಾ ಎಂಬ ಊರಿನ ಹಳೆಯ ವಿಲ್ಲಾವೊಂದರ ಹಿಂಬದಿಯ ಎರಡು ಕೋಣೆಗಳಲ್ಲಿ ಅವಳ ಸಂಸಾರ, ಅದರಲ್ಲೇ ಅವಳ ಮೆಸ್. ಮೆಸ್ ಎಂದರೆ ಬೋರ್ಡು, ಲೈಸೆನ್ಸು ಇದ್ದದ್ದೇನಲ್ಲ. ಗಂಡ ಸೀನಪ್ಪ ಮೆಸಯೀದ್ ಬಂದರಿನಲ್ಲಿ ಕ್ರೇನ್ ಓಡಿಸುವವನು. ಅವನ ವೀಸಾದ ಆಸರೆಯಲ್ಲಿ ಬಂದಿದ್ದ ಚೆನ್ನು, ಮಂಗಳೂರು ಕಡೆಯ ಟ್ರೇಲರ್ ಚಾಲಕರಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿ ಬಡಿಸುತ್ತಿದ್ದಳು. ಆಗದವರು ಯಾರಾದರೂ ಒಂದು ಫೋನ್ ಮಾಡಿದರೆ ಸಾಕು, ಮೆಸ್ಸೂ ಹೋಗುತ್ತದೆ, ಸೀನಪ್ಪನ ವೀಸಾವೂ ಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಅವಳ ಬಾಯಿ ಸುಮ್ಮನಿರುವ ಬಾಯಿಯಲ್ಲ.

ಇರಾಕಿನಲ್ಲಿ ಅಮೆರಿಕದ ಸೈನ್ಯ ಬೀಡುಬಿಟ್ಟು ನಾಲ್ಕು ವರ್ಷ ಕಳೆದ ಬೇಸಿಗೆ ಅದು. ಕೆಲಸಕ್ಕೆಂದು ಬಂದ ಪರದೇಶಿಗಳು ಬೀದಿಗಿಳಿದು ಬ್ಯಾನರ್ ಹಿಡಿಯುವುದು ಅಲ್ ವಕ್ರಾದಲ್ಲಿ ನಡೆಯುವ ಮಾತಲ್ಲ. ಹಿಡಿದರೆ ಮರುದಿನವೇ ವಿಮಾನ. ಆದ್ದರಿಂದ ಮೂರು ಜನ ಬಾಯಿಂದ ಬಾಯಿಗೆ ಕೆಲಸ ಮಾಡುತ್ತಿದ್ದರು. ಒಬ್ಬ, ಪಕ್ಕದ ಬೀದಿಯಲ್ಲಿ ರೊಟ್ಟಿ ಸುಡುವ ಅಲಿ, ಬಗ್ದಾದಿನವನು. ಇನ್ನೊಬ್ಬಳು ನಜ್ಮಾ, ಉಳ್ಳಾಲದ ಹುಡುಗಿ, ಕ್ಲಿನಿಕ್ಕಿನಲ್ಲಿ ನರ್ಸು. ಮೂರನೆಯವಳು ಚೆನ್ನು. ಅಲಿ ರೊಟ್ಟಿ ಕೊಡುವಾಗ, ನಜ್ಮಾ ಇಂಜೆಕ್ಷನ್ ಚುಚ್ಚುವಾಗ, ಚೆನ್ನು ಸಾರು ಹಾಕುವಾಗ ಹೇಳುತ್ತಿದ್ದ ಮಾತು ಒಂದೇ: ಪರರ ಊರಿನ ಮೇಲೆ ಕೂತ ಸೈನ್ಯಕ್ಕೆ ನಾವು ಸಾಮಾನು ಹೊರಬಾರದು. ಎರಡು ವರ್ಷ ಹೀಗೆ ಹೇಳಿದ್ದಕ್ಕೆ ಕೆಲವರು ತಲೆಯಾಡಿಸಿದ್ದರು, ಹಲವರು ಆಕಳಿಸಿದ್ದರು.

ಆ ಬೇಸಿಗೆಯಲ್ಲಿ ಚಾಲಕರ ಕಂಪನಿಗೆ ಹೊಸ ಗುತ್ತಿಗೆ ಸಿಕ್ಕಿತು. ಮೆಸಯೀದಿನ ಅಂಗಳದಲ್ಲಿ ಎರಕ ಹೊಯ್ದ ಎರಡಾಳೆತ್ತರದ ಕಾಂಕ್ರೀಟ್ ಗೋಡೆಗಳನ್ನು ಸೌದಿ ದಾಟಿಸಿ ಕುವೈತಿಗೆ ಮುಟ್ಟಿಸಬೇಕು ಎಂದು ಕಾಗದ ಹೇಳುತ್ತಿತ್ತು. ಕುವೈತಿನಿಂದ ಆಚೆ ಎಲ್ಲಿಗೆ ಎಂಬುದು ಕಾಗದದಲ್ಲಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಇರಾಕಿಗೆ ಹೋಗಬಾರದೆಂದು ನಮ್ಮ ಸರಕಾರವೇ ತಡೆ ಹಾಕಿತ್ತಲ್ಲ, ಅದಕ್ಕೇ ಬರೆದಿರಲಿಲ್ಲ. ಮೂರು ತಿಂಗಳಿಗೆ ಎರಡು ಪಟ್ಟು ಸಂಬಳ, ಪಾಸ್‌ಪೋರ್ಟು ಕಂಪನಿಯ ಕೈಯಲ್ಲಿ. ಹೋಗಬೇಕಾದದ್ದು ಮುಂದಿನ ಗುರುವಾರ.

ಶುಕ್ರವಾರದ ಊಟಕ್ಕೆ ಕೂತವರಲ್ಲಿ ರಾಕೇಶ್ ಎಂಬ ಚಾಲಕ ಇದನ್ನೇ ತೆಗೆದ. "ಸಿಮೆಂಟೇ ಅಲ್ವಾ ಚೆನ್ನಕ್ಕ? ಬಾಂಬ್ ಅಲ್ವಲ್ಲ. ಇಳಿಸಿ ಬರುದು ಅಷ್ಟೆ."

ಹಿಂದಿನ ದಿನವಷ್ಟೇ ಅಲಿ ಅವಳಿಗೆ ತನ್ನ ತಾಯಿಯ ಮನೆಯ ಮುಂದೆ ಎದ್ದ ಗೋಡೆಯ ಕತೆ ಹೇಳಿ ಕಣ್ಣೊರೆಸಿಕೊಂಡಿದ್ದ. ಚೆನ್ನುವಿಗೆ ನೆತ್ತಿಗೇರಿತು. ಸೌಟನ್ನು ಬಿಸಾಡಿದಳು, ಬಲಗೈಯನ್ನು ಅನ್ನದ ಪಾತ್ರೆಯೊಳಗೆ ಊರಿದಳು.

"ಈ ಅನ್ನದ ಆಣೆ ಉಂಟು ನಿಮ್ಗೆ. ಈ ಅನ್ನ ಉಂಡವ ಆ ಗೋಡೆ ಹೊತ್ತುಕೊಂಡು ಹೋದ್ರೆ, ಉಂಡದ್ದು ಅವನಿಗೆ ದಕ್ಕದೆ ಹೋಗ್ಲಿ."

ಅಷ್ಟೂ ಜನರ ಕೈ ತಟ್ಟೆಯಲ್ಲಿತ್ತು. ಉಂಡರೆ ಆಣೆ ಅಂಟಿಕೊಳ್ಳುತ್ತದೆ, ಅರ್ಧಕ್ಕೆ ಎದ್ದರೆ ಅನ್ನಕ್ಕೆ ಅವಮಾನ. ಕರಾವಳಿಯ ಮನುಷ್ಯ ಕೋರ್ಟಿಗೆ ಹೆದರದಿದ್ದರೂ ಆಣೆಗೆ ಹೆದರುತ್ತಾನೆ. ಒಮ್ಮೆ ಹಾಕಿದ ಆಣೆಯನ್ನು ಹಾಕಿದವರೇ ತೆಗೆಯಬೇಕು, ಬೇರೆ ದಾರಿಯಿಲ್ಲ. ಎಲ್ಲರಿಗಿಂತ ಹಿರಿಯನಾದ ಹಸನಬ್ಬ ದೊಡ್ಡದೊಂದು ಉಸಿರು ಬಿಟ್ಟ. "ಅನ್ನದ ಮೇಲೆ ಹಾಕಿದ್ದು ನಮ್ಗೂ ಆಣೆಯೇ," ಎಂದು ತುತ್ತು ಬಾಯಿಗಿಟ್ಟ. ಉಳಿದವರೂ ತಲೆ ತಗ್ಗಿಸಿ ಉಂಡರು. ರಾಕೇಶ್ ಕೊನೆಯವನು.

ಸಂಜೆ ಬಂದ ನಜ್ಮಾ ವಿಷಯ ಕೇಳಿ ಖುಷಿಪಡಲಿಲ್ಲ. "ಎಂತ ಮಾಡಿದ್ದು ಚೆನ್ನಕ್ಕ ನೀವು? ಎರಡು ವರ್ಷ ತಿಳಿಸಿ ಹೇಳಿದ್ದು ಯಾಕೆ? ಇದು ಹೆದರಿಸಿ ಕಟ್ಟಿ ಹಾಕಿದ್ದಲ್ವಾ?"

"ಕಟ್ಟಿ ಹಾಕಿದ್ರೂ ನಿಂತ್ರಲ್ಲ," ಎಂದಳು ಚೆನ್ನು. ಒಳಗೊಳಗೇ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ಹೆಮ್ಮೆ ಶನಿವಾರ ಸಂಜೆಯವರೆಗೆ ಇತ್ತು. ಪೃಥ್ವಿರಾಜ್ ಅವಳ ಅಕ್ಕನ ಮಗ. ಅಕ್ಕನ ಕೈಕಾಲು ಹಿಡಿದು ಒಪ್ಪಿಸಿ, ಸಾಹೇಬರೊಬ್ಬರ ಹತ್ತಿರ ವೀಸಾಕ್ಕೆ ಮಾತಾಡಿ, ಅವನನ್ನು ಈ ದೇಶಕ್ಕೆ ಕರೆತಂದದ್ದು ಚೆನ್ನುವೇ. ಅದೇ ಕಂಪನಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಶುಕ್ರವಾರ ಅವನು ಟ್ಯಾಂಕರ್ ಒಯ್ದು ದೂರದ ದುಖಾನ್ ಎಂಬ ಊರಿಗೆ ಹೋಗಿದ್ದ, ಆಣೆ ಬಿದ್ದಾಗ ಮೆಸ್ಸಿನಲ್ಲಿರಲಿಲ್ಲ. ಶನಿವಾರ ಬಂದವನು ತಟ್ಟೆಯ ಮುಂದೆ ಕೂತ, ಪಕ್ಕದವರಿಂದ ಸುದ್ದಿ ಕೇಳಿದ, ಕೈಯಿಡದೆ ಎದ್ದುಬಿಟ್ಟ.

"ಯಾಕಾ ಎದ್ದದ್ದು?" ಎಂದಳು ಚೆನ್ನು.

"ಉಂಡ್ರೆ ಅಲ್ವಾ ಆಣೆ? ನಾನು ಉಂಡಿಲ್ಲ. ಗುರುವಾರದ ತನಕ ಉಣ್ಣುದೂ ಇಲ್ಲ."

"ಪೃಥ್ವಿ, ಮಂಗನ ಹಾಗೆ ಮಾಡ್ಬೇಡ."

"ಚಿಕ್ಕಮ್ಮ, ನಾನು ಎಷ್ಟು ದಿನ ನೀರಿನ ಟ್ಯಾಂಕರ್ ಓಡಿಸ್ಕೊಂಡು ಇರುದು? ಈ ಟ್ರಿಪ್ಪಿಗೆ ಹೆಲ್ಪರ್ ಆಗಿ ಹೋದ್ರೆ ಬಂದ ಮೇಲೆ ಟ್ರೇಲರ್ ಕೊಡ್ತಾರೆ. ಲೈಸೆನ್ಸೂ ಅವ್ರೇ ಮಾಡಿಸುದು. ಇವ್ರಿಗೆಲ್ಲ ದೊಡ್ಡ ಗಾಡಿ ಉಂಟು, ಆಣೆಗೆ ಹೆದರಿ ಕೂತ್ರೂ ನಡೀತದೆ. ನಂಗೆ ಎಂತ ಉಂಟು?"

ನೋಡಿ ಎಂಥ ಎಡವಟ್ಟು. ಊರವರ ಮಕ್ಕಳನ್ನೆಲ್ಲ ಹಿಡಿದು ನಿಲ್ಲಿಸಿದ ಆಣೆ ಅವಳ ಸ್ವಂತ ಹುಡುಗನನ್ನು ಮಾತ್ರ ಹಿಡಿಯಲಿಲ್ಲ. ಅವನು ಮಲಯಾಳಿಯ ಕೆಫೆಟೇರಿಯಾದಲ್ಲಿ ಪರೋಟ ತಿಂದು, ದಿನಾ ಸಂಜೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಚಿಕ್ಕಮ್ಮನನ್ನು ಬಿಟ್ಟಿರಲಾರ, ಅವಳ ಅನ್ನ ಮುಟ್ಟಲಾರ. ಚೆನ್ನು ಅವನಿಗೆ ಇಷ್ಟವೆಂದು ಮಸಾಲೆ ತಿಕ್ಕಿ ಬಂಗುಡೆ ಹುರಿದಳು. ಅವನು ಆ ವಾಸನೆಗೆ ಮೂಗು ಅರಳಿಸಿ, ನೀರನ್ನು ಕೂಡ ಬಾಟಲಿಯಲ್ಲಿ ತಾನೇ ತಂದು ಕುಡಿದ. ಹುರಿದ ಮೀನಿನ ಒಂದು ತುಂಡನ್ನು ಪರೋಟದೊಳಗೆ ಸುತ್ತಿ, ಹೇಳದೆ ಕೊಟ್ಟುಬಿಡೋಣ ಎಂದು ಹಸನಬ್ಬ ಉಪಾಯ ಸೂಚಿಸಿದ. ಚೆನ್ನು ಒಂದು ಕ್ಷಣ ಆಸೆಪಟ್ಟಳು. ಆಮೇಲೆ ಬೇಡವೆಂದಳು. ಮೋಸದಿಂದ ತಿನ್ನಿಸಿದ ಆಣೆ ಯಾವ ಸೀಮೆಯ ಆಣೆ?

ಇತ್ತ ಕಂಪನಿಯಲ್ಲಿ ಗಲಾಟೆ ಶುರುವಾಗಿತ್ತು. ಟ್ರೇಲರ್ ಓಡಿಸುವ ಮಂಗಳೂರಿನವರು ಒಬ್ಬೊಬ್ಬರಾಗಿ ಬಂದು, ಹೋಗುವುದಿಲ್ಲ ಎಂದರು. ಕಾರಣ ಕೇಳಿದರೆ ನೆಲ ನೋಡಿದರು. ಇದು ಮುಷ್ಕರವೆಂದು ಮೇಲಿನವರು ಕೆಂಡವಾದರು. ನಾಯಕ ಯಾರು, ಕರಪತ್ರ ಎಲ್ಲಿ, ಹಿಂದೆ ಯಾವ ಸಂಘಟನೆ ಇದೆ ಎಂದು ಹುಡುಕಲು ಸಿಬ್ಬಂದಿ ವಿಭಾಗದ ಮುದ್ದುಕೃಷ್ಣನಿಗೆ ಅಪ್ಪಣೆಯಾಯಿತು. ಮುದ್ದುಕೃಷ್ಣ ಮೈಸೂರಿನವನು, ಓದಿದವನು, ಕೆಟ್ಟವನೇನಲ್ಲ. ಕ್ಯಾಂಪಿನ ಮಂಚದಡಿ, ದಿಂಬಿನಡಿ ಹುಡುಕಿಸಿದ. ಒಂದು ಚೂರು ಕಾಗದವೂ ಸಿಗಲಿಲ್ಲ. ಇಪ್ಪತ್ತು ಜನ ಸುಮ್ಮಸುಮ್ಮನೆ ಒಂದೇ ಮಾತು ಹೇಗೆ ಹೇಳುತ್ತಾರೆ ಎಂದು ಅವನಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ಮಂಗಳವಾರ ರಾಕೇಶ್ ಬಾಯಿಬಿಟ್ಟ.

ಅದೇ ಸಂಜೆ ಮುದ್ದುಕೃಷ್ಣ ಮೆಸ್ಸಿನ ಬಾಗಿಲಿಗೆ ಬಂದ. ಚೆನ್ನು ಕುರ್ಚಿ ಒರೆಸಿ ಕೊಟ್ಟಳು. ಸೀನಪ್ಪ ಮೂಲೆಯಲ್ಲಿ ನಿಂತು ಬೆವರುತ್ತಿದ್ದ.

"ಏನಮ್ಮಾ ಇದು? ಅನ್ನ ಮುಟ್ಟಿ ಆಣೆ ಹಾಕಿದ್ರಂತೆ? ನಾನು ನಗೋಣ ಅಂದ್ರೆ ನಗೂನೂ ಬರ್ತಿಲ್ಲ. ನಮ್ ಕಾಂಟ್ರ್ಯಾಕ್ಟೇ ನಿಂತೋಗಿದೆ."

"ನಿಲ್ಲಬೇಕಂತಲೇ ಹಾಕಿದ್ದು ಸಾರ್."

ಮುದ್ದುಕೃಷ್ಣ ಕನ್ನಡಕ ತೆಗೆದು ಒರೆಸಿಕೊಂಡ. "ನೋಡಿ, ನಿಮ್ ಮೆಸ್ಸಿಗೆ ಪರ್ಮಿಷನ್ ಇಲ್ಲ. ನಿಮ್ ಯಜಮಾನ್ರ ಕಂಪನಿಗೆ ನಾನೊಂದ್ ಫೋನ್ ಮಾಡಿದ್ರೆ ಖಲಾಸ್. ಆದ್ರೆ ನಾನು ಹಂಗ್ ಮಾಡೋನಲ್ಲ. ಒಂದ್ ಮಾತ್ ಕೇಳಿ. ಪೃಥ್ವಿರಾಜ್ ನಿಮ್ ಹುಡುಗ ಅಂತೆ. ಅವನು ಹೆಸರು ಕೊಟ್ಟಿದಾನೆ, ಗುರುವಾರ ಹೋಗ್ತಾನೆ, ಬೇರೆ ಕ್ಯಾಂಪಿನ ನಾಲ್ಕೈದು ಜನರ ಜೊತೆ. ಹೋದ ತಿಂಗಳು ಆ ರಸ್ತೇಲಿ ಏನಾಯ್ತು ಅಂತ ನಿಮ್ಗೂ ಗೊತ್ತು. ನೀವು ಆಣೆ ವಾಪಸ್ ತಗೊಳ್ಳಿ, ನಾನು ಅವನ ಹೆಸರು ಹೊಡೆದುಹಾಕ್ತೀನಿ."

ಹೋದ ತಿಂಗಳು ಆ ರಸ್ತೆಯಲ್ಲಿ ಒಂದು ಸಾಲು ಟ್ರಕ್ಕು ಉರಿದುಹೋಗಿತ್ತು. ಚಾಲಕರು ಯಾವ ದೇಶದವರು ಎಂದು ಕೂಡ ಪೇಪರಿನಲ್ಲಿ ಸರಿಯಾಗಿ ಬಂದಿರಲಿಲ್ಲ.

"ಗುರುವಾರ ಊಟದ ಹೊತ್ತಿಗೆ ಬರ್ತೀನಿ," ಎಂದು ಮುದ್ದುಕೃಷ್ಣ ಎದ್ದ. "ಯೋಚ್ನೆ ಮಾಡಿ."

ಅವನು ಹೋದದ್ದೇ ಸೀನಪ್ಪ ಬಾಯಿ ತೆರೆದ. "ತೆಗಿ ಮಾರಾಯ್ತಿ. ನಿನ್ನ ಅಕ್ಕನಿಗೆ ಎಂತ ಉತ್ತರ ಕೊಡ್ತೀ ನೀನು? ಅವ್ಳು ನಿನ್ನ ಕೈಗೆ ಕೊಟ್ಟದ್ದು ಅವನನ್ನ."

"ತೆಗೆದ್ರೆ ರಾಕೇಶನ ಅಮ್ಮನಿಗೆ ಎಂತ ಉತ್ತರ ಕೊಡುದು?"

"ಅವ್ಳು ನಿನ್ನ ಹತ್ರ ಕೇಳ್ಲಿಕ್ಕೆ ಬರುದಿಲ್ಲ," ಎಂದ ಸೀನಪ್ಪ. ಆ ಮಾತು ನಿಜವಾಗಿತ್ತು.

ಬುಧವಾರವಿಡೀ ಅವಳು ಬಡಿಸುತ್ತ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಮೊದಲೆಲ್ಲ ಉಪ್ಪು ಜಾಸ್ತಿ, ಹುಳಿ ಕಡಿಮೆ ಎಂದು ಅವಳನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಬಾಯಿಗಳು ಈಗ ಸದ್ದಿಲ್ಲದೆ ಅಗಿಯುತ್ತಿದ್ದವು. ರಾಕೇಶ್ ಅವಳ ಕಣ್ಣು ತಪ್ಪಿಸಿ ಗಬಗಬನೆ ಉಂಡು ಎದ್ದ. ಇವರಲ್ಲಿ ಎಷ್ಟು ಜನ ಬೇಡವೆಂದು ನಿಂತವರು, ಎಷ್ಟು ಜನ ಹೆದರಿ ನಿಂತವರು? ಅವಳಿಗೆ ಗೊತ್ತಿರಲಿಲ್ಲ, ಆಣೆ ಇರುವ ತನಕ ಗೊತ್ತಾಗುವ ಹಾಗೂ ಇರಲಿಲ್ಲ. ಕಂಪನಿ ಪಾಸ್‌ಪೋರ್ಟು ಇಟ್ಟುಕೊಂಡಿದೆ, ತಾನು ಇವರ ಹೊಟ್ಟೆಯನ್ನು ಇಟ್ಟುಕೊಂಡಿದ್ದೇನೆ ಎಂದು ಅನಿಸಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೀಗೆ ಯೋಚಿಸುವಾಗಲೂ ಒಳಗೆ ಒಂದು ದನಿ, ಪೃಥ್ವಿಯ ಹೆಸರು ಹೋಗುತ್ತದೆ, ಪೃಥ್ವಿ ಉಳಿಯುತ್ತಾನೆ ಎಂದು ಹಾಡುತ್ತಲೇ ಇತ್ತು. ರಾತ್ರಿ ಆಣೆ ತೆಗೆಯುವುದೆಂದು ನಿಶ್ಚಯಿಸಿದಳು, ನ್ಯಾಯಕ್ಕಾಗಿಯೋ ಹುಡುಗನಿಗಾಗಿಯೋ ಎಂದು ತನ್ನನ್ನು ಕೇಳಿಕೊಳ್ಳದೆಯೇ.

ಗುರುವಾರ ಅವಳು ಅಲಿಯನ್ನೂ ನಜ್ಮಾಳನ್ನೂ ಊಟದ ಹೊತ್ತಿಗೆ ಕರೆಸಿದಳು. ಚಾಲಕರೆಲ್ಲ ಕೂತಿದ್ದರು. ಮುದ್ದುಕೃಷ್ಣ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತಿದ್ದ. ಪೃಥ್ವಿ ಮಾತ್ರ ಬಂದಿರಲಿಲ್ಲ. ಚೆನ್ನು ತಟ್ಟೆ ಹಾಕುವ ಮೊದಲೇ ಮಾತು ಶುರುಮಾಡಿದಳು.

"ಎಲ್ಲರೂ ಕೇಳಿ. ಈ ಸಾರ್ ನನ್ನ ಹತ್ರ ಹೇಳಿದ್ದಾರೆ, ಆಣೆ ತೆಗೆದ್ರೆ ಪೃಥ್ವಿಯ ಹೆಸರು ತೆಗೀತೇನೆ ಅಂತ. ಇದು ನಿಮ್ಗೆ ಗೊತ್ತಿರ್ಬೇಕು. ಅಡಗಿಸಿ ನಂಗೆ ಎಂತದೂ ಮಾಡ್ಲಿಕ್ಕೆ ಇಲ್ಲ. ಆದ್ರೆ ಮೊದಲು ಇವ ಹೇಳುದನ್ನ ಕೇಳಿ."

ಅಲಿ ಗಂಟಲು ಸರಿಮಾಡಿಕೊಂಡ. ಅಂಗಡಿಯಲ್ಲಿ ಕಲಿತ ಹರಕು ಹಿಂದಿಯಲ್ಲಿ ನಿಧಾನಕ್ಕೆ ಹೇಳಿದ, ನಜ್ಮಾ ಅದನ್ನು ಕನ್ನಡಕ್ಕೆ ತಂದಳು. ಅವನ ತಾಯಿಯ ಮನೆಯೂ ತಂಗಿಯ ಮನೆಯೂ ಒಂದೇ ಬೀದಿಯ ಎರಡು ಬದಿಗಳಲ್ಲಿದ್ದವು. ಸೈನಿಕರು ಹಗಲೂ ರಾತ್ರಿ ನಿಂತು ಆ ಬೀದಿಯ ನಡುವೆ ಗೋಡೆ ನಿಲ್ಲಿಸಿದರು. ಕಿಟಕಿಯಿಂದ ಕೂಗಿದರೆ ಕೇಳುತ್ತಿದ್ದ ತಂಗಿಯ ಮನೆಗೆ ಈಗ ಎರಡು ತಪಾಸಣೆ ದಾಟಿ ಹೋಗಬೇಕು. ತಾಯಿಗೆ ಉಬ್ಬಸ ಬಂದ ದಿನ ತಂಗಿ ಬರುವಷ್ಟರಲ್ಲಿ ಮುಗಿದುಹೋಗಿತ್ತು. "ಬಾಂಬು ಬೀಳಲಿಲ್ಲ," ಎಂದ ಅಲಿ. "ಬರೀ ಸಿಮೆಂಟು." ರಾಕೇಶ್ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.

ಚೆನ್ನು ಪಾತ್ರೆಯ ಹತ್ತಿರ ಹೋಗಿ ಬಲಗೈಯನ್ನು ಅನ್ನದ ಮೇಲಿಟ್ಟಳು. "ಮೊನ್ನೆ ಹಾಕಿದ ಆಣೆ ಇವತ್ತು ನಾನೇ ತೆಗೆದೆ. ಇನ್ನು ಅನ್ನದ ಮೇಲೆ ಯಾರನ್ನೂ ಕಟ್ಟಿ ಹಾಕುದಿಲ್ಲ. ಹೋಗ್ಬೇಡಿ ಅಂತ ಹೇಳ್ತೇನೆ, ದಿನಾ ಹೇಳ್ತೇನೆ. ಆದ್ರೆ ಹೋಗುದು ಬಿಡುದು ನಿಮ್ಮದು."

ಮುದ್ದುಕೃಷ್ಣ ಮಾತಿಗೆ ತಪ್ಪಲಿಲ್ಲ. ಅಲ್ಲೇ ಆಫೀಸಿಗೆ ಫೋನ್ ಮಾಡಿ, "ಪೃಥ್ವಿರಾಜ್ ಹೆಸರು ಹೊಡೆದುಹಾಕಿ," ಎಂದ. ಆಮೇಲೆ ಕೂತವರ ಕಡೆ ತಿರುಗಿದ. "ಮುಗೀತಲ್ಲ? ಬಸ್ಸು ಇಲ್ಲೇ ರೋಡಿಗೆ ಬರುತ್ತೆ. ಬರೋರು ಏಳಿ, ಯಲ್ಲಾ, ಬೇಗ ಹೊರಡಿ."

ಒಬ್ಬನೂ ಅಲುಗಾಡಲಿಲ್ಲ. ಮೊದಲು ರಾಕೇಶ್ ಎದ್ದ. "ಬೇಜಾರು ಮಾಡ್ಬೇಡಿ ಚೆನ್ನಕ್ಕ," ಎಂದು ತಲೆ ತಗ್ಗಿಸಿ ಹೊರಗೆ ನಡೆದ. ಅವನ ಹಿಂದೆ ಇನ್ನೊಬ್ಬ, ಆಮೇಲೆ ಮತ್ತಿಬ್ಬರು. ಚೆನ್ನು ಐದನೆಯವನಿಗಾಗಿ ಕಾದಳು. ಎದ್ದದ್ದು ಹಸನಬ್ಬ. ಹಸನಬ್ಬ ಬಾಗಿಲ ಕಡೆ ಹೋಗದೆ ಮುದ್ದುಕೃಷ್ಣನ ಎದುರು ನಿಂತ.

"ಸಾರ್, ಮೊನ್ನೆ ನಾನು ಬರುದಿಲ್ಲ ಅಂದದ್ದು ಆಣೆಗೆ ಹೆದರಿ. ಇವತ್ತು ಹೆದರದೆ ಹೇಳ್ತಾ ಇದ್ದೇನೆ. ನಾನು ಆ ಗೋಡೆ ಹೊರುದಿಲ್ಲ. ಊರಿಗೆ ಕಳಿಸ್ತೀರಾದ್ರೆ ಕಳಿಸಿ."

"ನಾನೂ ಇಲ್ಲ," ಎಂದಿತು ಹಿಂದಿನಿಂದ ಒಂದು ದನಿ. ಇನ್ನೊಂದು ದನಿ ಅದಕ್ಕೆ ಸೇರಿತು. ಉಳಿದವರು ಮಾತಾಡದೆ ತಟ್ಟೆಗಳನ್ನು ಮುಂದಕ್ಕೆ ಸರಿಸಿಕೊಂಡರು. ಮುದ್ದುಕೃಷ್ಣನ ಬೇಳೆ ಬೇಯಲಿಲ್ಲ. ಅವನು ಚೆನ್ನುವನ್ನು ಒಮ್ಮೆ ನೋಡಿ ರಸ್ತೆಯ ಕಡೆ ಹೋದ. ನಜ್ಮಾ ಓಡಿ ಬಂದು ಚೆನ್ನುವನ್ನು ಅಪ್ಪಿಕೊಂಡಳು. ನಾಳೆ ಇವರಲ್ಲಿ ಯಾರಿಗೆ ಊರಿನ ಟಿಕೆಟ್ಟು ಹರಿಯುತ್ತದೋ, ಮೆಸ್ಸಿಗೆ ಯಾವ ಗತಿಯೋ, ಅದು ನಾಳೆಯ ಮಾತು.

ಅವರೆಲ್ಲ ಉಣ್ಣುತ್ತಿರುವಾಗ ಪೃಥ್ವಿ ಬಂದ. ಚಪ್ಪಲಿ ಬಿಟ್ಟು, ಕೈ ತೊಳೆದು, ನೇರ ತನ್ನ ಹಳೆಯ ಜಾಗದಲ್ಲಿ ಕೂತ.

"ಆಣೆ ತೆಗೆದ್ಯಂತೆ?"

"ತೆಗೆದೆ."

"ಹಾಗಾದ್ರೆ ಬಡಿಸು. ಪರೋಟ ತಿಂದು ತಿಂದು ಹೊಟ್ಟೆ ಕಲ್ಲಾಗಿದೆ."

ಚೆನ್ನುವಿಗೆ ಆದ ಸಂತೋಷವನ್ನು ಹೇಳಿ ಮುಗಿಯುವುದಿಲ್ಲ. ಅನ್ನ ಹಾಕಿದಳು, ಸಾರು ಹಾಕಿದಳು, ದೊಡ್ಡ ಬಂಗುಡೆಯನ್ನೇ ಆರಿಸಿ ಹಾಕಿದಳು. ಅವನು ಎರಡನೇ ಸಲ ಹಾಕಿಸಿಕೊಂಡ, ಮೂರನೇ ಸಲವೂ ಹಾಕಿಸಿಕೊಂಡ. ಅವಳು ಪಕ್ಕದಲ್ಲೇ ಕೂತು ಅವನು ಮುಳ್ಳು ಬಿಡಿಸುವುದನ್ನು ನೋಡಿದಳು. ಮನೆಯಲ್ಲಿ ಉಂಡವನು ಮನೆಯಲ್ಲೇ ಇರುತ್ತಾನೆ ಎಂದು ಅವಳ ಮನಸ್ಸು ಸುಮ್ಮನೆ ನಂಬಿಬಿಟ್ಟಿತು.

ಪೃಥ್ವಿ ಕೈ ತೊಳೆದು ಬಂದು, ಬಾಗಿ ಅವಳ ಕಾಲು ಮುಟ್ಟಿದ. ಚೆನ್ನುವಿನ ಕೈ ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು. "ನೂರು ವರ್ಷ ಬದುಕು ಮಗಾ," ಎಂದು ಬಾಯಿ ಹೇಳಿಯೂ ಬಿಟ್ಟಿತು. ಆಮೇಲೆ ಅವಳಿಗೆ ಹೊಳೆಯಿತು. ಉಂಡೆದ್ದು ಯಾರೂ ಚಿಕ್ಕಮ್ಮನ ಕಾಲು ಹಿಡಿಯುವುದಿಲ್ಲ. ದೂರದ ಪ್ರಯಾಣ ಹೊರಟವರು ಹಿಡಿಯುತ್ತಾರೆ.

"ನಿನ್ನ ಹೆಸರು ತೆಗೆದಿದ್ದಾರೆ," ಎಂದಳು.

"ಈಗ ರೋಡಲ್ಲೇ ಹೇಳಿ ನಾನೇ ಪುನಃ ಹಾಕಿಸಿದೆ. ಮುದ್ದುಕೃಷ್ಣ ಸಾರೂ ಬೇಡ ಅಂದ್ರು, ನಾನೇ ಬಿಡ್ಲಿಲ್ಲ. ನಿನ್ನ ಹತ್ರ ಕೇಳಿ ನನ್ನ ಹೆಸರು ಹಾಕ್ಲಿಕ್ಕೆ, ತೆಗಿಲಿಕ್ಕೆ ನಾನೆಂತ ಅಂಗನವಾಡಿಯ ಮಗುವಾ?" ಅವನು ನಕ್ಕ. ಆಮೇಲೆ ಅವಳ ಮುಖ ನೋಡಿದ, ನಗು ನಿಂತಿತು. ಅನ್ನದ ಪಾತ್ರೆ ಅವಳ ಕೈಗೆಟುಕುವ ದೂರದಲ್ಲೇ ಇತ್ತು.

ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವನೀಗ ಉಂಡಿದ್ದಾನೆ, ಹೊಟ್ಟೆ ತುಂಬ. ಅವಳು ಪಾತ್ರೆಗೆ ಕೈಯಿಟ್ಟು ಒಂದೇ ಒಂದು ಮಾತು ಹೇಳಿದರೆ ಅವನು ಈ ಹೊಸ್ತಿಲು ದಾಟಲಾರ.

"ಹೇಳ್ತೀಯಾ ಚಿಕ್ಕಮ್ಮ?" ಅವನ ದನಿಯಲ್ಲಿ ಹೆದರಿಕೆಯಿತ್ತು. "ನಿನ್ನ ಮಾತು ನಂಬಿ ಉಂಡದ್ದು ನಾನು."

ಉಣ್ಣುತ್ತಿದ್ದವರ ಕೈಗಳು ನಿಂತವು. ಸೀನಪ್ಪ ಅವಳನ್ನೇ ನೋಡುತ್ತಿದ್ದ, ಹೇಳು ಎಂದು ಅವನ ಕಣ್ಣು ಬೇಡುತ್ತಿತ್ತು. ಚೆನ್ನುವಿನ ನಾಲಿಗೆಯ ತುದಿಗೆ ಆ ಮಾತು ಬಂದಿತ್ತು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು, ಪಾತ್ರೆಯ ಕಡೆ ಹೋಗದಿರಲಿ ಎಂದು.

"ಹೋಗ್ಬೇಡ ಪೃಥ್ವಿ. ಆ ಗೋಡೆ ಒಬ್ಬಳು ತಾಯಿಯನ್ನ ಕೊಂದಿದೆ. ಅಲಿ ಇಲ್ಲೇ ಇದ್ದಾನೆ, ಕೇಳು. ನಿಂಗೇನಾದ್ರೂ ಆದ್ರೆ ನಾನು ಬದುಕುದಿಲ್ಲ. ಇದು ಆಣೆ ಅಲ್ಲ, ಬೇಡ್ತಾ ಇದ್ದೇನೆ."

ಪೃಥ್ವಿ ಅಲಿಯನ್ನು ನೋಡಿದ, ನೋಟ ಕೆಳಗಿಳಿಸಿದ. "ಮೂರೇ ತಿಂಗಳು ಚಿಕ್ಕಮ್ಮ."

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅವನು ಬಾಗಿಲ ಹೊರಗಿಟ್ಟಿದ್ದ ಬ್ಯಾಗನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ನಡೆದ. ಬಸ್ಸು ಮುಕ್ಕಾಲು ಖಾಲಿಯಿತ್ತು. ರಾಕೇಶ್ ಒಳಗಿನಿಂದ ಕೈ ಚಾಚಿ ಅವನ ಬ್ಯಾಗನ್ನು ಎಳೆದುಕೊಂಡ. ಬಸ್ಸು ಸೌದಿ ಗಡಿಯ ಕಡೆಗೆ ಹೋಗುವ ರಸ್ತೆಗೆ ತಿರುಗುವ ತನಕ ಚೆನ್ನು ಅಂಗಳದಲ್ಲೇ ನಿಂತಿದ್ದಳು.

ಒಳಗೆ ಬಂದಾಗ ಹಸನಬ್ಬ ಸಣ್ಣ ದನಿಯಲ್ಲಿ ಕೇಳಿದ. "ಒಂದು ಮಾತು ಹೇಳ್ಬಹುದಿತ್ತಲ್ಲ ಚೆನ್ನಕ್ಕ. ನಿಮ್ಮ ಅನ್ನ ಇತ್ತು ಅವನ ಹೊಟ್ಟೆಯಲ್ಲಿ."

"ನಿಮ್ಮ ಹೊಟ್ಟೆಯಲ್ಲೂ ಉಂಟಲ್ಲ ಹಸನಬ್ಬಣ್ಣ," ಎಂದಳು ಚೆನ್ನು. "ಅವನಿಗೆ ಹೇಳಿದ್ರೆ, ನಾಳೆ ನೀವು ಯಾವ ಧೈರ್ಯದಲ್ಲಿ ಇಲ್ಲಿ ಉಣ್ತೀರಿ?"

ಅಷ್ಟು ಹೇಳಿ ಅವಳು ಅನ್ನದ ಪಾತ್ರೆಯ ಪಕ್ಕದಲ್ಲಿ ನೆಲಕ್ಕೆ ಕುಸಿದು, ಅಷ್ಟೂ ಗಂಡಸರ ಎದುರು, ಅಕ್ಕನ ಹೆಸರು ಹಿಡಿದು ಕೂಗಿ ಅತ್ತಳು.